ಹಿಂದೆ ಕೂರುವವರೂ ನೋಡಬೇಕು

ಕಳೆದ ಮಳೆಗಾಲದ ಮಾತು. ಸವಣೂರಿನಲ್ಲಿ ನಾದಿನಿಯ ಮಗಳ ನಿಕಾಹ್ ಇತ್ತು. ಯಲವಿಗಿಯಿಂದ ನಾನು ಮತ್ತು ನಮ್ಮ ಮನೆಯವರು ಬೈಕಿನಲ್ಲಿ ಹೊರಟಿದ್ದೆವು. ಊರು ದಾಟಿ ಸ್ವಲ್ಪ ದೂರ ಹೋಗಿರಬಹುದು, ಯಾರೋ ನನ್ನ ಬುರ್ಖಾದ ಅಂಚು ಹಿಡಿದು ಹಿಂದಕ್ಕೆ ಜಗ್ಗಿದಂತಾಯಿತು. “ಏನ್ರೀ, ನಿಲ್ಲಸ್ರೀ” ಎನ್ನುವಷ್ಟರಲ್ಲಿ ನಾನು ಎಡಕ್ಕೆ ವಾಲಿ ರಸ್ತೆ ಬದಿಯ ಕೆಸರಿಗೆ ಬಿದ್ದಿದ್ದೆ. ಗುಂಡಿಗಳಿದ್ದ ಕಾರಣ ಗಾಡಿ ನಿಧಾನವಾಗಿತ್ತು. ಮೊಣಕೈ ತರಚಿತು, ಬುರ್ಖಾ ಮೊಣಕಾಲಿನವರೆಗೆ ಹರಿಯಿತು. ಅಷ್ಟಕ್ಕೇ ಮುಗಿಯಿತು. ಹಿಂದಿನ ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಡಿಸಲು ನಮ್ಮ ಮನೆಯವರಿಗೆ ಕಾಲು ಗಂಟೆ ಹಿಡಿಯಿತು. ಆ ಕಾಲು ಗಂಟೆ ನಾನು ಕಲ್ಲಿನ ಮೇಲೆ ಕುಳಿತು ಒಂದೇ ವಿಚಾರ ಮಾಡುತ್ತಿದ್ದೆ. ಇದೇ ಬಟ್ಟೆ ಹೈವೇಯಲ್ಲಿ ಸಿಕ್ಕಿಕೊಂಡಿದ್ದರೆ? ನನ್ನ ತೊಡೆಯ ಮೇಲೆ ಮಗುವಿದ್ದಿದ್ದರೆ?

ಮರುದಿನ ಗಾಡಿಯನ್ನು ಗ್ಯಾರೇಜಿಗೆ ಒಯ್ದಾಗ ನಾನೂ ಹೋದೆ. ಮೆಕ್ಯಾನಿಕ್ ಹುಡುಗ ಒಮ್ಮೆ ಸುತ್ತು ಹಾಕಿ ನೋಡಿ ನನ್ನನ್ನೇ ಕೇಳಿದ: “ಟೀಚರ್ರೀ, ಇದಕ್ಕ ಸಾರಿ ಗಾರ್ಡ್ ಎಲ್ಲೈತ್ರಿ?”

ನಮ್ಮದು ಬೇರೆಯವರು ಓಡಿಸಿದ್ದ ಹಳೆಯ ಗಾಡಿ. ಅದನ್ನು ಕೊಳ್ಳುವಾಗಲೇ ಸಾರಿ ಗಾರ್ಡ್ ಇರಲಿಲ್ಲ. ಚೀಲ ಕಟ್ಟಲು ಅಡ್ಡವೆಂದು ಯಾರೋ ಬಿಚ್ಚಿಟ್ಟಿದ್ದರು. ಬೈಕಿನ ಎಡಬದಿಯಲ್ಲಿ ಹಿಂದಿನ ಚಕ್ರದ ಮೇಲ್ಭಾಗವನ್ನು ಮುಚ್ಚುವ ಜಾಳಿಗೆಯಂಥ ಸಾಧನವಿದು. ಅಲಂಕಾರಕ್ಕೆ ಹಾಕಿದ್ದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಬೈಕ್ ತಯಾರಿಸುವವರು ಹಿಂದೆ ಕೂರುವವರಿಗಾಗಿ ಮೂರು ವಸ್ತು ಕೊಡಲೇಬೇಕು. ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಮತ್ತು ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ರಕ್ಷಣೆ. ಸೀರೆ, ದುಪಟ್ಟಾ, ಬುರ್ಖಾ ಧರಿಸುವ ನಮಗಾಗಿಯೇ ಕಾನೂನು ಮಾಡಿಟ್ಟ ವಸ್ತುವದು. ಮೂರು ವರ್ಷ ಅದೇ ಗಾಡಿಯ ಹಿಂದೆ ಕುಳಿತ ನನಗೆ ಅದು ಇಲ್ಲವೆಂಬುದೇ ಗೊತ್ತಿರಲಿಲ್ಲ.

ಹುಡುಗ ಅಲ್ಲಿಗೇ ನಿಲ್ಲಿಸಲಿಲ್ಲ. “ಚೈನ್ ನೋಡ್ರಿ, ಎಷ್ಟ್ ಜೋಲ್ ಬಿದ್ದೈತಿ. ಹಿಂದಿನ ಬ್ರೇಕ್ ಶೂ ಮುಗದಾವು. ಟೈರ್ ಅಂತೂ ಬೋಳ ತಲಿ ಆಗೇತಿ” ಎಂದ. ನಮ್ಮ ಮನೆಯವರು ಮೆಲ್ಲನೆ, “ಅಲ್ಲಾಹನೇ ಕಾಪಾಡಿದ” ಎಂದರು. ನಿಜ. ಆದರೆ ಮೊದಲು ಒಂಟೆಯನ್ನು ಕಟ್ಟಬೇಕು, ಆಮೇಲೆ ತವಕ್ಕುಲ್ ಎಂದು ಮದ್ರಸಾದಲ್ಲಿ ನಾನು ಮಕ್ಕಳಿಗೆ ಹೇಳುತ್ತೇನೆ. ನಮ್ಮ ಒಂಟೆಯನ್ನು ನಾವಿಬ್ಬರೂ ಕಟ್ಟಿರಲಿಲ್ಲ.

ಸಹೋದರಿಯರೇ, ಅಡುಗೆಮನೆಯ ಗ್ಯಾಸಿನ ಪೈಪನ್ನು ನಾವು ಎಷ್ಟು ಸಲ ಮುಟ್ಟಿ ನೋಡುತ್ತೇವೆ! ಕುಕ್ಕರಿನ ರಬ್ಬರ್ ಸಡಿಲವಾದರೆ ಅಂದೇ ಹೊಸದು ತರಿಸುತ್ತೇವೆ. ಆದರೆ ಇಡೀ ಕುಟುಂಬವನ್ನು ಹೊತ್ತು ಓಡುವ ಗಾಡಿ ಮಾತ್ರ ಗಂಡಸರ ವಿಷಯವೆಂದು ಬಿಟ್ಟುಬಿಟ್ಟಿದ್ದೇವೆ. ಗಂಡಸರು ಮೆಕ್ಯಾನಿಕ್‌ನ ವಿಷಯವೆಂದು ಬಿಟ್ಟಿದ್ದಾರೆ. ಮೆಕ್ಯಾನಿಕ್ ಕೆಟ್ಟು ಬಂದ ಗಾಡಿಯನ್ನು ಮಾತ್ರ ನೋಡುತ್ತಾನೆ. ಹೀಗೆ ಕೆಡುವ ಮೊದಲು ನೋಡುವವರು ಯಾರೂ ಇಲ್ಲ.

ಹಿಂದೆ ಹೀಗಿರಲಿಲ್ಲ. ನನ್ನ ಅಬ್ಬಾ ಅವರ ಬಳಿ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಆ ಗಾಡಿ ಟೂ ಸ್ಟ್ರೋಕ್. ಪೆಟ್ರೋಲಿಗೆ ಅಳತೆಯಂತೆ ಆಯಿಲ್ ಬೆರೆಸಲೇಬೇಕು, ಮರೆತರೆ ಎಂಜಿನ್ ಜಾಮ್. ಹೀಗಾಗಿ ಅಬ್ಬಾ ಗಾಡಿ ಹೊರಗೆ ತೆಗೆಯುವ ಮುನ್ನ ಪ್ಲಗ್ ಒರೆಸಿ, ಚೈನ್ ಮುಟ್ಟಿ, ಟೈರು ಒತ್ತಿ ನೋಡುತ್ತಿದ್ದರು. ಈಗಿನ ಬೈಕುಗಳು ಒಳ್ಳೆಯವು, ಬಟನ್ ಒತ್ತಿದರೆ ಸಾಕು ಹೊರಡುತ್ತವೆ. ನೋಡದಿದ್ದರೂ ಓಡುತ್ತವೆ ಎಂಬ ಕಾರಣಕ್ಕೇ ನಾವು ನೋಡುವುದನ್ನು ಬಿಟ್ಟೆವು. ಎಂಜಿನ್ ಓಡುತ್ತಿದೆ ಎಂದರೆ ಬ್ರೇಕ್ ಹಿಡಿಯುತ್ತದೆ ಎಂದರ್ಥವಲ್ಲ.

ಆ ಹುಡುಗ ಕಲಿಸಿದ್ದನ್ನು ಈಗ ಪ್ರತಿ ಭಾನುವಾರ ಬೆಳಿಗ್ಗೆ ಚಹಾ ಕುಡಿದ ಮೇಲೆ ನಾವಿಬ್ಬರೂ ಸೇರಿ ಮಾಡುತ್ತೇವೆ. ಹತ್ತು ನಿಮಿಷದ ಕೆಲಸ. ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಗಾಡಿ ಸೆಂಟರ್ ಸ್ಟ್ಯಾಂಡಿನ ಮೇಲಿರಲಿ, ಎಂಜಿನ್ ಬಂದ್ ಇರಲಿ, ಕೀಲಿ ನಿಮ್ಮ ಕೈಯಲ್ಲಿರಲಿ. ಎಂಜಿನ್ ಚಾಲೂ ಇದ್ದಾಗ ಚೈನಿನ ಹತ್ತಿರ ಬಟ್ಟೆಯಾಗಲಿ ಬೆರಳಾಗಲಿ ಹೋಗಲೇಬಾರದು. ಬೆರಳು ಕಳೆದುಕೊಂಡವರಿದ್ದಾರೆ. ಚಿಕ್ಕ ಮಕ್ಕಳನ್ನು ದೂರ ನಿಲ್ಲಿಸಿ.

ಟೈರುಗಳು

ಗಾಳಿಯನ್ನು ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ಹಿಂದೆ ಕೂರುವವರಿದ್ದರೆ ಹಿಂದಿನ ಚಕ್ರಕ್ಕೆ ಹೆಚ್ಚು ಗಾಳಿ ಬೇಕು. ಎಷ್ಟೆಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಕೆಲವು ಗಾಡಿಗಳಲ್ಲಿ ಸ್ಟಿಕ್ಕರ್ ಕೂಡ ಅಂಟಿಸಿರುತ್ತಾರೆ. ಒಬ್ಬರಿಗೆ ಹಾಕಿಸಿದ ಗಾಳಿಯಲ್ಲಿ ಇಬ್ಬರು ಹೋದರೆ ಟೈರು ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ಟೈರಿನ ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಟೈರು ಸವೆದು ಆ ದಿಣ್ಣೆಗಳ ಮಟ್ಟಕ್ಕೆ ಬಂದರೆ ಅದರ ಆಯುಷ್ಯ ಮುಗಿಯಿತು. ಬೋಳು ಟೈರು ಮಳೆ ನೀರಿನ ಮೇಲೆ ರಸ್ತೆಯನ್ನು ಹಿಡಿಯುವುದಿಲ್ಲ. ಸಿಕ್ಕಿಕೊಂಡ ಮೊಳೆ, ಪಕ್ಕದ ಬಿರುಕುಗಳನ್ನೂ ನೋಡಿ. ಕಡ್ಡಿ ಚಕ್ರವಾಗಿದ್ದರೆ ಒಂದೊಂದೇ ಕಡ್ಡಿಯನ್ನು ಮುಟ್ಟಿದಾಗ ಸಡಿಲವಾದದ್ದು ತಿಳಿಯುತ್ತದೆ.

ಬ್ರೇಕುಗಳು

ಕಾಲಿನ ಬ್ರೇಕ್ ಪೆಡಲನ್ನು ಕೈಯಿಂದ ಒತ್ತಿ ನೋಡಿ. ಹಿಡಿಯಲು ಶುರುವಾಗುವ ಮುಂಚೆ ಅದು ಸಾಮಾನ್ಯವಾಗಿ 2ರಿಂದ 3 ಸೆಂಟಿಮೀಟರ್ ಇಳಿಯುತ್ತದೆ. ಅದಕ್ಕಿಂತ ಆಳಕ್ಕೆ ಹೋದರೆ ಬಿಗಿ ಮಾಡಿಸಬೇಕು. ಡ್ರಮ್ ಬ್ರೇಕಿದ್ದರೆ ಚಕ್ರದ ನಡುವಿನ ಡ್ರಮ್ಮಿನ ಮೇಲೊಂದು ಗುರುತು, ಬ್ರೇಕಿನ ತೋಳಿನಲ್ಲೊಂದು ಬಾಣ ಇರುತ್ತವೆ. ಪೂರ್ತಿ ಬ್ರೇಕ್ ಒತ್ತಿದಾಗ ಬಾಣ ಆ ಗುರುತಿಗೆ ಮುಟ್ಟಿದರೆ ಒಳಗಿನ ಶೂ ಸವೆದಿದೆ, ಬದಲಿಸಬೇಕು. ಬಿಗಿ ಮಾಡಿದರೆ ಸಾಲದು. ಡಿಸ್ಕ್ ಬ್ರೇಕಿದ್ದರೆ ಹ್ಯಾಂಡಲ್ ಬಳಿಯ ಡಬ್ಬಿಯಲ್ಲಿ ದ್ರವ ಕನಿಷ್ಠ ಗೆರೆಗಿಂತ ಮೇಲಿರಬೇಕು. 2019ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ಬೈಕುಗಳಲ್ಲಿ 125 ಸಿಸಿವರೆಗಿನವಕ್ಕೆ ಎರಡೂ ಚಕ್ರಗಳನ್ನು ಒಟ್ಟಿಗೆ ಹಿಡಿಯುವ ವ್ಯವಸ್ಥೆಯಾದರೂ ಇರಬೇಕು, ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯ. ಹಳೆಯ ಗಾಡಿಯವರು ನಮ್ಮ ಎಚ್ಚರವನ್ನೇ ನಂಬಬೇಕು.

ಚೈನು ಮತ್ತು ಆಯಿಲ್

ಚೈನಿನ ಕೆಳಗಿನ ಸಾಲನ್ನು ನಡುವೆ ಹಿಡಿದು ಮೇಲೆ ಕೆಳಗೆ ಮಾಡಿದರೆ ಸಾಧಾರಣ ಬೈಕುಗಳಲ್ಲಿ 2ರಿಂದ 3 ಸೆಂಟಿಮೀಟರ್ ಆಡಬೇಕು. ಪೂರ್ತಿ ಕವರ್ ಇದ್ದರೆ ಅದರಲ್ಲಿ ರಬ್ಬರ್ ಮುಚ್ಚಳದ ಕಿಂಡಿಯಿರುತ್ತದೆ, ಅಲ್ಲಿಂದ ನೋಡಬಹುದು. ಜೋಲು ಬಿದ್ದ ಚೈನು ಕಳಚಿ ಚಕ್ರವನ್ನೇ ಹಿಡಿದು ನಿಲ್ಲಿಸಬಲ್ಲದು. ಬಿಗಿ ಮಾಡುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ಚಕ್ರ ಒಂದು ಕೂದಲೆಳೆ ಓರೆಯಾದರೂ ತೊಂದರೆ, ಜೊತೆಗೆ ಹಿಂದಿನ ಬ್ರೇಕನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಎಂಜಿನ್ ಆಯಿಲ್ ನೋಡಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೆಲವು ನಿಮಿಷ ಚಾಲೂ ಮಾಡಿ ಬಂದ್ ಮಾಡಿ, ಎರಡು ಮೂರು ನಿಮಿಷ ತಡೆದು ಅಳತೆಯ ಕಡ್ಡಿಯನ್ನು ತೆಗೆದು ಒರೆಸಿ ಮತ್ತೆ ಇಳಿಬಿಡಬೇಕು. ಎಣ್ಣೆಯ ಗುರುತು ಎರಡು ಗೆರೆಗಳ ನಡುವೆ ಇರಬೇಕು. ಸಣ್ಣ ಬೈಕುಗಳಲ್ಲಿ ಇರುವುದೇ ಸುಮಾರು ಒಂದು ಲೀಟರ್ ಆಯಿಲ್. ಅದರಲ್ಲಿ ಕಾಲು ಭಾಗ ಕಡಿಮೆಯಾದರೂ ಎಂಜಿನ್ನಿಗೆ ದೊಡ್ಡ ಲೆಕ್ಕವೇ.

ಇಬ್ಬರು ಬೇಕಾದ ಕೆಲಸ

ಒಂದು ಪರೀಕ್ಷೆಯನ್ನಂತೂ ಓಡಿಸುವವರು ಒಬ್ಬರೇ ಮಾಡಲಾರರು, ಹಿಂದಿನ ಬ್ರೇಕ್ ಲೈಟ್. ಅವರು ಸೀಟಿನ ಮೇಲೆ ಕುಳಿತು ಬ್ರೇಕ್ ಒತ್ತಿದಾಗ ಅದು ಉರಿಯಿತೋ ಇಲ್ಲವೋ ಅವರಿಗೆ ಕಾಣುವುದಿಲ್ಲ. ಹಿಂದೆ ನಿಂತು ನೋಡುವ ಇನ್ನೊಬ್ಬರು ಬೇಕು. ಮೊದಲು ಕೈ ಬ್ರೇಕ್, ನಂತರ ಕಾಲು ಬ್ರೇಕ್ ಒತ್ತಲು ಹೇಳಿ, ಬಳಿಕ ಎಡ ಬಲದ ಇಂಡಿಕೇಟರ್, ಹಾರನ್ ನೋಡಿ. ನಮ್ಮ ಗಾಡಿಯ ಬ್ರೇಕ್ ಲೈಟ್ ಯಾವಾಗ ಸತ್ತಿತ್ತೋ, ಮೊದಲ ಭಾನುವಾರ ನಾನು ಹಿಂದೆ ನಿಂತಾಗಲೇ ಗೊತ್ತಾಯಿತು. ಹಿಂದಿನಿಂದ ಬರುವ ಲಾರಿಯವನಿಗೆ ನಾವು ನಿಲ್ಲುತ್ತಿದ್ದೇವೆಂದು ಹೇಳುವುದು ಆ ಕೆಂಪು ದೀಪ ಒಂದೇ. ಮತ್ತು ಆ ಲಾರಿಗೆ ಹತ್ತಿರ ಕುಳಿತಿರುವವರು ನಾವು, ಹಿಂದಿನ ಸೀಟಿನವರು.

ನಮ್ಮ ನೆಲ, ನಮ್ಮ ರಸ್ತೆ

ನಮ್ಮದು ಎರೆ ಭೂಮಿ. ಮಳೆ ಬಿದ್ದರೆ ಹೊಲದ ದಾರಿಯ ಕರಿಮಣ್ಣು ಟೈರಿಗೆ ಮೆತ್ತಿ ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ತುಂಬಿ ಚಕ್ರವೇ ತಿರುಗದಂತಾಗುತ್ತದೆ. ಆಗ ಎಕ್ಸಿಲೇಟರ್ ತಿರುವಬೇಡಿ. ಇಳಿದು ಕಡ್ಡಿಯಿಂದ ಮಣ್ಣು ತೆಗೆಯಬೇಕು. ಗಾಡಿ ತೊಳೆದ ಮೇಲೆ ಚೈನ್ ಒಣಗಿಸಿ 90 ನಂಬರಿನ ಗೇರ್ ಆಯಿಲ್ ಹಚ್ಚಬೇಕು, ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ನೀರಿನಲ್ಲಿ ಹಾದುಬಂದ ಬಳಿಕ ಡ್ರಮ್ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ನಿಧಾನವಾಗಿ ಹೋಗುತ್ತಾ ಮೆಲ್ಲಗೆ ಒತ್ತಿ ಒಣಗಿಸಬೇಕು. ಬೇಸಿಗೆಯಲ್ಲಿ ಧೂಳು ಏರ್ ಫಿಲ್ಟರನ್ನು ಮುಚ್ಚುತ್ತದೆ, ಮಣ್ಣು ರಸ್ತೆಯಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಶುಚಿ ಬೇಕು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಗೋವಿನಜೋಳ ಹರಡಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಒಳ್ಳೆಯ ಟೈರೂ ಜಾರುತ್ತದೆ. ರಾತ್ರಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ನಿಂತಿರುತ್ತವೆ. ಹೆಡ್‌ಲೈಟಿನ ಗಾಜು ಒರೆಸಿಕೊಂಡೇ ಹೊರಡಿ.

ತಲೆ ಮತ್ತು ಬಟ್ಟೆ

ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ತೀರಿಕೊಂಡರು. ಅವರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಈ ಪೈಕಿ 14,337 ಮಂದಿ ಓಡಿಸುತ್ತಿದ್ದವರಲ್ಲ, ಹಿಂದೆ ಕುಳಿತವರು. ಕರ್ನಾಟಕದಲ್ಲಿ ಹಿಂದಿನ ಸವಾರರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ. ಆದರೂ ನಮ್ಮ ಮನೆಯಲ್ಲಿ ಒಂದೇ ಹೆಲ್ಮೆಟ್ ಇತ್ತು. ಕೆಸರಿಗೆ ಬಿದ್ದ ವಾರದಲ್ಲೇ ಎರಡನೆಯದು ಬಂತು. ಐಎಸ್‌ಐ ಗುರುತು, ಐಎಸ್ 4151 ಎಂಬ ಸಂಖ್ಯೆ ನೋಡಿಯೇ ಕೊಳ್ಳಿ. ಸ್ಕಾರ್ಫ್ ಕಟ್ಟುವವರು ಒಳಗೆ ತೆಳ್ಳಗಿನದನ್ನು ಕಟ್ಟಿ, ಅದರ ಮೇಲೆ ಹಾಕಿ ನೋಡಿಯೇ ಅಳತೆ ಆರಿಸಿ. ಹೆಲ್ಮೆಟ್ ಒಳಗೆ ಬರುವಲ್ಲಿ ಪಿನ್ ಚುಚ್ಚಬೇಡಿ. ಪಟ್ಟಿ ಬಿಗಿಯದ ಹೆಲ್ಮೆಟ್ ಬೀಳುವಾಗ ಮೊದಲು ಹಾರಿಹೋಗುತ್ತದೆ.

ಕೂತ ಮೇಲೆ ಬುರ್ಖಾ, ಸೆರಗು, ದುಪಟ್ಟಾದ ಎರಡೂ ತುದಿಗಳನ್ನು ಒಟ್ಟುಮಾಡಿ ಅಡಿಗೆ ಸೇರಿಸಿಕೊಳ್ಳಿ. “ಹೂಂ, ಹೊರಡ್ರೀ” ಎಂದು ನೀವು ಹೇಳಿದ ಮೇಲೆಯೇ ಗಾಡಿ ಮುಂದೆ ಹೋಗಲಿ. ಸಾಧ್ಯವಿದ್ದವರು ಎರಡೂ ಬದಿಗೆ ಕಾಲು ಹಾಕಿ ಕುಳಿತರೆ ಒಳ್ಳೆಯದು, ಒಂದೇ ಬದಿಗೆ ಕುಳಿತರೆ ತೂಕವೂ ಒಂದು ಬದಿಗೇ ವಾಲುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಒಯ್ಯುವಾಗ ಸವಾರರಿಗೆ ಕಟ್ಟುವ ಪಟ್ಟಿ ಮತ್ತು ಮಗುವಿಗೆ ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ.

ಕಾಗದದ ಪೆಟ್ಟಿಗೆಯನ್ನೂ ವರ್ಷಕ್ಕೊಮ್ಮೆ ತೆರೆಯಿರಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಮಾಡಿಸುತ್ತಾರೆ. ಐದು ವರ್ಷ ಮುಗಿದದ್ದು ಅನೇಕರಿಗೆ ನೆನಪೇ ಇರುವುದಿಲ್ಲ. ನವೀಕರಿಸುವಾಗ “ಹಿಂದೆ ಕೂರುವವರಿಗೆ ಇದರಲ್ಲಿ ಏನಿದೆ?” ಎಂದು ನೀವೇ ಕೇಳಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಿದ್ದರೆ ಹಿಂದಿನ ಸವಾರರಿಗೆ ಪರಿಹಾರ ಸಿಗದೆ ಹೋಗಬಹುದು.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ನನ್ನ ಮಗನಿಗೆ ಈಗ ಹದಿನೇಳು. “ಅಮ್ಮೀ, ಒಂದು ಸಲ ಸ್ಟೇಷನ್‌ವರೆಗೆ ಹೋಗಿಬರ್ತೀನಿ” ಎಂದು ಕೀಲಿ ಕೇಳುತ್ತಾನೆ. ಗೇರ್ ಬೈಕಿಗೆ ಹದಿನೆಂಟು ತುಂಬಿ ಲೈಸೆನ್ಸ್ ಬರಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಅಪ್ರಾಪ್ತ ಮಕ್ಕಳ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮಗನಿಗೆ 25 ವರ್ಷದವರೆಗೆ ಲೈಸೆನ್ಸೂ ಸಿಗುವುದಿಲ್ಲ. ಆದರೆ ನಾನು ಅವನಿಗೆ ಬರೀ ಕಾನೂನು ಹೇಳಿ ಸುಮ್ಮನಾಗಲಿಲ್ಲ. ಭಾನುವಾರದ ಕೆಲಸವನ್ನು ಅವನ ಕೈಗೂ ಕೊಟ್ಟೆ. ಓಡಿಸುವುದು ಮುಂದಿನ ವರ್ಷ, ನೋಡಿಕೊಳ್ಳುವುದು ಈಗಿನಿಂದಲೇ. ಮೊದಮೊದಲು ಮುಖ ಗಂಟಿಕ್ಕಿದ. ಈಗ ತಾನೇ ಚಿಂದಿ ಬಟ್ಟೆ ಹಿಡಿದು ಬರುತ್ತಾನೆ. ಹೋದ ತಿಂಗಳು ಹಿಂದಿನ ಟೈರಿನಲ್ಲಿ ಮೊಳೆ ಕಂಡುಹಿಡಿದವನೂ ಅವನೇ. ಅಂದು ನಾನು ಶಾಲೆಗೆ ಅದೇ ಗಾಡಿಯಲ್ಲಿ ಹೋಗುವವಳಿದ್ದೆ.

ಸಾರಿ ಗಾರ್ಡ್ ಹಾಕಿಸಲು ನಮಗೆ ಆದ ಖರ್ಚು ಹರಿದ ಬುರ್ಖಾದ ಬೆಲೆಗಿಂತ ಕಡಿಮೆ. ಈ ಪುಟವನ್ನು ಓದಿ ಮುಗಿಸಿದ ಮೇಲೆ ಒಮ್ಮೆ ಅಂಗಳಕ್ಕೆ ಹೋಗಿ ನಿಮ್ಮ ಮನೆಯ ಗಾಡಿಯ ಎಡಬದಿಗೆ ನಿಂತು ನೋಡಿ. ಗಾರ್ಡ್ ಇದೆಯೇ? ಇಲ್ಲದಿದ್ದರೆ ಅದು ಬರುವವರೆಗೆ ಆ ಸೀಟಿನ ಮೇಲೆ ಕೂರಬೇಡಿ. ಮನೆಯವರಿಗೂ ಹೇಳಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮ ಮನೆಯವರು ಮಾಡಿಕೊಳ್ಳಲಿಲ್ಲ.