ನೂರು ರೂಪಾಯಿ ಕಮಿಷನ್, ಐವತ್ತು ಲಕ್ಷದ ಲೆಕ್ಕ: ಆನ್‌ಲೈನ್‌ನಲ್ಲಿ ತರಿಸಿಕೊಡುವ ಅಂಗಡಿಯವರೇ, ಸ್ವಲ್ಪ ಗಮನಿಸಿ

ಹತ್ತಿ ಸೀಸನ್ ಶುರುವಾದರೆ ಹೊಳಗುಂದ, ಕೌತಾಳಂ, ಕೋಸಿಗಿ ಕಡೆಯ ರೈತರು ಆದೋನಿ ಮಾರ್ಕೆಟ್ ಯಾರ್ಡಿಗೆ ಬರುತ್ತಾರೆ. ಹತ್ತಿ ತೂಕವಾಗಿ ದುಡ್ಡು ಕೈಗೆ ಬಂದ ಮೇಲೆ, ಊರಿನ ಬಸ್ ಹತ್ತುವ ಮುಂಚೆ, ಪರಿಚಯದ ಮೊಬೈಲ್ ಅಂಗಡಿಗೋ ಫ್ಯಾನ್ಸಿ ಅಂಗಡಿಗೋ ಬಂದು, "ಭಾಯ್, ಆನ್‌ಲೈನ್‌ನಾಗ ಒಂದು ಮಿಕ್ಸಿ ಹಾಕಿಕೊಡ್ರಿ" ಅನ್ನುತ್ತಾರೆ. ಅವರ ಹಳ್ಳಿಯ ವಿಳಾಸ ಡೆಲಿವರಿ ಹುಡುಗನಿಗೆ ಸಿಗುವುದಿಲ್ಲ, ಒಟಿಪಿ ಬಂದರೆ ಏನು ಮಾಡಬೇಕೆಂದು ಮನೆಯಲ್ಲಿರುವ ಹಿರಿಯರಿಗೆ ಗೊತ್ತಾಗುವುದಿಲ್ಲ. ಅಂಗಡಿಯವನು ತನ್ನ ಫೋನಿನಲ್ಲಿ ಆರ್ಡರ್ ಹಾಕುತ್ತಾನೆ, ಪಾರ್ಸೆಲ್ ಅಂಗಡಿಗೇ ಬರುತ್ತದೆ. ಗಿರಾಕಿ ಮಿಕ್ಸಿಯ ದುಡ್ಡಿನ ಜತೆ ನೂರು ರೂಪಾಯಿ ಸೇರಿಸಿ ಕ್ಯುಆರ್ ಕೋಡ್‌ಗೆ ಹಾಕಿ ಹೋಗುತ್ತಾನೆ.

ಕರಾವಳಿಯಿಂದ ಬಂದು ಗಡಿ ಊರುಗಳಲ್ಲಿ ಅಂಗಡಿ ಇಟ್ಟಿರುವ ನಮ್ಮ ಹುಡುಗರಿಗೆ ಇದು ಹೊಸ ವಿಷಯ ಅಲ್ಲ. ಸಹಾಯವೂ ಆಯಿತು, ಚಿಲ್ಲರೆ ಸಂಪಾದನೆಯೂ ಆಯಿತು. ಆದರೆ ತೆರಿಗೆ ಯಾವುದಕ್ಕೆ? ನೂರು ರೂಪಾಯಿಗೋ, ಮಿಕ್ಸಿಯ ಪೂರ್ತಿ ಬೆಲೆಗೋ? ಇದನ್ನು ಹೆಚ್ಚಿನವರು ಕೇಳಿಕೊಂಡೇ ಇಲ್ಲ. ನೋಟಿಸ್ ಬಂದ ಮೇಲೆ ಕೇಳಿಕೊಂಡರೆ ತಡವಾಗುತ್ತದೆ ಮಾರಾಯ್ರೆ.

ಕರ್ನಾಟಕದ ಪಾಠ

2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿ ಇಟ್ಟುಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಬಹುದು. ಬೆಂಗಳೂರಿನ ಎಷ್ಟೋ ಬೇಕರಿ, ಟೀ ಅಂಗಡಿಗಳಲ್ಲಿ ಕ್ಯುಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಸಂಘಗಳ ಜತೆ ಸಭೆ ನಡೆಸಿದ ಮೇಲೆ ಗಲಾಟೆ ತಣ್ಣಗಾಯಿತು.

ಗಲಾಟೆ ಮುಗಿದರೂ ಪಾಠ ಮುಗಿದಿಲ್ಲ. ಖಾತೆಗೆ ಬಂದ ದುಡ್ಡನ್ನೆಲ್ಲ ಇಲಾಖೆ ಮೊದಲು 'ವಹಿವಾಟು' ಎಂದೇ ನೋಡುತ್ತದೆ. ಅದರಲ್ಲಿ ಇಷ್ಟು ನನ್ನದಲ್ಲ ಅಂತ ತೋರಿಸುವ ಹೊಣೆ ನಮ್ಮ ತಲೆ ಮೇಲೆ ಬೀಳುತ್ತದೆ. ನಾವು ಆಂಧ್ರದಲ್ಲಿದ್ದೇವೆ, ಇದು ಕರ್ನಾಟಕದ ಕಥೆ ಅಂತ ನಿರಾಳವಾಗುವ ಹಾಗಿಲ್ಲ. ಜಿಎಸ್‌ಟಿ ಕಾನೂನು ಎರಡೂ ಕಡೆ ಒಂದೇ.

ಹತ್ತಿ ಯಾರ್ಡಿನಲ್ಲೇ ಇದೆ ಉತ್ತರ

ಆದೋನಿಯ ದಲಾಲಿ ಅಂಗಡಿಯವರನ್ನು ನೋಡಿ. ರೈತನ ಹತ್ತಿ ಅವರ ಅಂಗಡಿಗೆ ಬರುತ್ತದೆ, ಜಿನ್ನಿಂಗ್ ಮಿಲ್ಲಿಗೆ ಹೋಗುತ್ತದೆ. ಕಮಿಷನ್ ಏಜೆಂಟ್ ಹತ್ತಿಯ ಮಾಲೀಕ ಅಲ್ಲ. ಅವನ ಸಂಪಾದನೆ ದಲಾಲಿ ಮಾತ್ರ. ಕೃಷಿ ಉತ್ಪನ್ನದ ಮಾರಾಟ, ಖರೀದಿ ಮಾಡಿಸಿಕೊಡುವ ಕಮಿಷನ್ ಏಜೆಂಟನ ಸೇವೆಗೆ ಜಿಎಸ್‌ಟಿ ವಿನಾಯಿತಿಯೂ ಇದೆ. ರೈತನಿಂದ ನೋಂದಾಯಿತ ಖರೀದಿದಾರ ಕೊಂಡ ಹಸಿ ಹತ್ತಿಗೆ 2017ರ ನವೆಂಬರ್ 15ರಿಂದ ಖರೀದಿದಾರನೇ ರಿವರ್ಸ್ ಚಾರ್ಜ್ ಮೂಲಕ ಶೇ. 5 ತೆರಿಗೆ ಕಟ್ಟಬೇಕು. ಸರಕಿನ ತೆರಿಗೆ ಒಂದು ಕಡೆ, ದಲಾಲಿಯ ಲೆಕ್ಕ ಇನ್ನೊಂದು ಕಡೆ.

ಇದಕ್ಕೆ ಗೆರೆ ಎಳೆದದ್ದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ 2018ರ ಸೆಪ್ಟೆಂಬರ್ 4ರ ಸುತ್ತೋಲೆ. ಅದರ ತಿರುಳು ಇಷ್ಟೇ: ಬಿಲ್ ಯಾರ ಹೆಸರಿನಲ್ಲಿದೆ ನೋಡಿ. ನಡುವಿನವನು ತನ್ನ ಹೆಸರಿನಲ್ಲೇ ಬಿಲ್ ಮಾಡಿದರೆ ಸರಕು ಅವನ ವಹಿವಾಟಾಗುತ್ತದೆ. ಮಾರುವವನು ನೇರ ಕೊಳ್ಳುವವನ ಹೆಸರಿಗೆ ಬಿಲ್ ಕೊಟ್ಟರೆ, ನಡುವಿನವನದು ಬರೀ ಸೇವೆ.

ಮಿಕ್ಸಿಗೂ ಇದೇ ಮಾತು. ಜಿಎಸ್‌ಟಿ ನಿಯಮ 33ರಲ್ಲಿ 'ಪ್ಯೂರ್ ಏಜೆಂಟ್' ಎಂಬವನಿದ್ದಾನೆ. ಗಿರಾಕಿಯ ಒಪ್ಪಿಗೆ ಮೇಲೆ ಗಿರಾಕಿಗಾಗಿ ದುಡ್ಡು ಕಟ್ಟುವವನು, ವಸ್ತುವಿನ ಮಾಲೀಕತ್ವ ಇಟ್ಟುಕೊಳ್ಳದವನು, ಅದನ್ನು ತಾನು ಬಳಸದವನು, ಕಟ್ಟಿದಷ್ಟೇ ವಾಪಸ್ ತೆಗೆದುಕೊಂಡು ತನ್ನ ಶುಲ್ಕವನ್ನು ಬಿಲ್ಲಿನಲ್ಲಿ ಬೇರೆ ತೋರಿಸುವವನು. ಅಂಥವನಿಗೆ ತೆರಿಗೆ ಶುಲ್ಕದ ಮೇಲೆ ಮಾತ್ರ. ಅವನು ನೋಂದಾಯಿತನಾಗಿದ್ದರೆ ನೂರು ರೂಪಾಯಿಗೆ ಶೇ. 18, ಅಂದರೆ 18 ರೂಪಾಯಿ. ಮುಗಿಯಿತು.

ಲೆಕ್ಕ ಮಾಡಿ ನೋಡೋಣ

ಒಬ್ಬ ಹುಡುಗ ದಿನಕ್ಕೆ ನಾಲ್ಕು ಆರ್ಡರ್ ಹಾಕಿಕೊಡುತ್ತಾನೆ ಎಂದಿಟ್ಟುಕೊಳ್ಳಿ. ಸರಾಸರಿ 3,000 ರೂಪಾಯಿ. ವರ್ಷಕ್ಕೆ 300 ದಿನ. ಅವನ ಖಾತೆಯಲ್ಲಿ ಹಾದುಹೋದದ್ದು 36 ಲಕ್ಷ. ಕಮಿಷನ್ 1.2 ಲಕ್ಷ. ಅಂಗಡಿಯ ಸ್ವಂತ ಮಾರಾಟ 15 ಲಕ್ಷ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ 52.2 ಲಕ್ಷ. ನಿಜವಾದ ವಹಿವಾಟು 16.2 ಲಕ್ಷ.

ಈಗ ಆರ್ಡರ್‌ಗಳೆಲ್ಲ ಅಂಗಡಿಯವನದೇ ಹೆಸರಿನಲ್ಲಿವೆ, ಗಿರಾಕಿಗೆ ಚೀಟಿ ಕೊಟ್ಟಿಲ್ಲ, ಪುಸ್ತಕದಲ್ಲಿ ಬರೆದಿಲ್ಲ. ಅಧಿಕಾರಿ ಕೇಳಿದರೆ ಇವನು ಕೊಂಡು ಮಾರಿದ ಹಾಗೆಯೇ ಕಾಣುತ್ತದೆ. ಎಲ್ಲವೂ ಶೇ. 18ರ ವಸ್ತು ಎಂದು ಹಿಡಿದರೆ 36 ಲಕ್ಷಕ್ಕೆ ತೆರಿಗೆ 6.48 ಲಕ್ಷ. ಬಡ್ಡಿ, ದಂಡ ಬೇರೆ. ಸಂಪಾದಿಸಿದ್ದು 1.2 ಲಕ್ಷ! ವಸ್ತು ಕೊಳ್ಳುವಾಗಲೇ ತೆರಿಗೆ ಕಟ್ಟಿಯಾಗಿದೆ ಅಂದರೂ, ನೋಂದಣಿ ಇಲ್ಲದೆ ಕೊಂಡ ಸರಕಿನ ಮೇಲೆ ಇನ್‌ಪುಟ್ ಕ್ರೆಡಿಟ್ ಸಿಗುವುದು ಕಷ್ಟ.

ಇದು ನಮ್ಮಲ್ಲಿ ಮಾತ್ರ ಇರುವ ಗೊಂದಲ ಅಲ್ಲ. ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಬಂದೂಕು ಕೊಂಡರೆ ಅದು ಲೈಸೆನ್ಸ್ ಇರುವ ಸ್ಥಳೀಯ ಡೀಲರ್ ಬಳಿ ಬರುತ್ತದೆ, ಆತ ಟ್ರಾನ್ಸ್‌ಫರ್ ಶುಲ್ಕ ತಗೊಂಡು ಹಸ್ತಾಂತರಿಸುತ್ತಾನೆ. ಆ ಶುಲ್ಕಕ್ಕೆ ಮಾರಾಟ ತೆರಿಗೆ ಇದೆಯೋ ಇಲ್ಲವೋ ಎಂಬುದು ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಂತೂ ಹೊರರಾಜ್ಯದ ಮಾರಾಟಗಾರ ಅಲ್ಲಿ ತೆರಿಗೆಗೆ ನೋಂದಾಯಿಸಿಲ್ಲದಿದ್ದರೆ, ಬಂದೂಕಿನ ಪೂರ್ತಿ ಬೆಲೆಯ ತೆರಿಗೆಯೇ ಈ ಡೀಲರ್ ತಲೆಗೆ ಬರುತ್ತದೆ. ವಸ್ತು ಯಾವುದೇ ಇರಲಿ, ನಡುವೆ ನಿಂತವನ ಪಾಡು ಒಂದೇ.

ನೂರು ರೂಪಾಯಿ ಮಾಡುವ ಕಿತಾಪತಿ

ಇನ್ನೊಂದು ಸೂಕ್ಷ್ಮ ಇದೆ. ನೋಂದಣಿ ಮಿತಿ 40 ಲಕ್ಷ ಅಂತ ಎಲ್ಲರ ಬಾಯಲ್ಲೂ ಇದೆ. ಆದರೆ 2019ರ ಏಪ್ರಿಲ್‌ನಿಂದ ಜಾರಿಯಾದ ಆ ಮಿತಿ ಸರಕು ಮಾತ್ರ ಮಾರುವವರಿಗೆ. ಸೇವೆಯೂ ಕೊಟ್ಟರೆ ಮಿತಿ 20 ಲಕ್ಷ. ಅಂದರೆ 25 ಲಕ್ಷದ ಸರಕು ಮಾರುತ್ತಾ ನೆಮ್ಮದಿಯಿಂದ ಇದ್ದವನು, ಪಾರ್ಸೆಲ್‌ಗೆ ಶುಲ್ಕ ತಗೊಳ್ಳಲು ಶುರುಮಾಡಿದ ಕೂಡಲೇ ನೋಂದಣಿಗೆ ಒಳಪಡುತ್ತಾನೆ.

ಗಡಿಯವರಿಗೆ ಮತ್ತೂ ಒಂದು ತಾಪತ್ರಯ. ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಜನರ ಓಡಾಟ, ಸಂಬಂಧ ಇಂದಿಗೂ ಆ ಕಡೆಗೇ. ಸಿರುಗುಪ್ಪದ ಗಿರಾಕಿ ನಮಗೆ ಹೊರಗಿನವನಲ್ಲ. ಆದರೆ ಕಾನೂನಿಗೆ ಹೊರಗಿನವನು. 2023ರ ಅಕ್ಟೋಬರ್‌ನಿಂದ ನೋಂದಣಿ ಇಲ್ಲದ ಗಿರಾಕಿಗೆ ಸರಕು ಮಾರಿದರೆ ಬಿಲ್ಲಿನಲ್ಲಿರುವ ವಿಳಾಸವೇ ಪೂರೈಕೆಯ ಸ್ಥಳ. ಸರಕಿನ ಮಾರಾಟ ಅಂತರರಾಜ್ಯ ಆಯಿತೆಂದರೆ ಸಾಮಾನ್ಯವಾಗಿ 40 ಲಕ್ಷವೂ ಇಲ್ಲ, 20 ಲಕ್ಷವೂ ಇಲ್ಲ, ಮೊದಲ ರೂಪಾಯಿಯಿಂದಲೇ ನೋಂದಣಿ. ಬರೀ ಸೇವೆ ಆದರೆ 20 ಲಕ್ಷದವರೆಗೆ ವಿನಾಯಿತಿ ಇದೆ. ಮಿಕ್ಸಿ ನಿಮ್ಮ ಮಾರಾಟವೋ, ನಿಮ್ಮ ಸೇವೆಯೋ ಎಂಬುದು ಇಲ್ಲಿ ಇನ್ನೂ ದೊಡ್ಡ ಪ್ರಶ್ನೆಯಾಗುತ್ತದೆ.

ಮಾಡಬೇಕಾದ್ದು ಏನು?

ಗಿರಾಕಿಯ ಹೆಸರಿನಲ್ಲೇ, ಅವನ ಫೋನ್ ನಂಬರಿನಲ್ಲೇ ಆರ್ಡರ್ ಹಾಕಿ, ಬಿಲ್ ಅವನ ಹೆಸರಿಗೇ ಬರಲಿ. ತಲುಪಿಸುವ ಜಾಗ ಮಾತ್ರ ನಿಮ್ಮ ಅಂಗಡಿ ಇರಲಿ. 'ನನ್ನ ಪರವಾಗಿ ತರಿಸಿಕೊಡಿ' ಎಂದು ಒಂದು ವಾಟ್ಸ್ಆ್ಯಪ್ ಮೆಸೇಜ್ ಅಥವಾ ಸಹಿ ತಗೊಳ್ಳಿ. ವಸ್ತುವಿನ ಬೆಲೆ ಬೇರೆ, ಶುಲ್ಕ ಬೇರೆ ಬರೆದು ಚೀಟಿ ಕೊಡಿ. ಈ ವ್ಯವಹಾರಕ್ಕೆ ಬೇರೆಯೇ ಖಾತೆ, ಬೇರೆಯೇ ಕ್ಯುಆರ್ ಇಡಿ. ವಹಿವಾಟು ಮಿತಿಯ ಹತ್ತಿರ ಬಂದರೆ ಒಬ್ಬ ಒಳ್ಳೆಯ ತೆರಿಗೆ ಸಲಹೆಗಾರರನ್ನು ಕೇಳಿ.

ಮುಖ್ಯವಾದದ್ದು ಇನ್ನೊಂದು. 2,999ಕ್ಕೆ ಬಂದ ವಸ್ತುವಿಗೆ 3,200 ತಗೊಂಡು 'ರೇಟೇ ಅಷ್ಟು' ಅನ್ನಬೇಡಿ. ಹಾಗೆ ಮಾಡಿದ ಕ್ಷಣ ನೀವು ಪ್ಯೂರ್ ಏಜೆಂಟ್ ಅಲ್ಲ. ದೀನಿನ ಲೆಕ್ಕದಲ್ಲೂ ಇದು ಸರಿಯಲ್ಲ. ಗಿರಾಕಿ ಕೊಟ್ಟ ದುಡ್ಡು ನಮ್ಮ ಬಳಿ ಅಮಾನತ್. ವಕೀಲನಾಗಿ ಕೆಲಸ ಮಾಡಿ ಹೇಳಿಯೇ ಕೂಲಿ ತಗೊಳ್ಳುವುದು ಹಲಾಲ್, ಮುಚ್ಚಿಟ್ಟು ತಗೊಳ್ಳುವುದು ಮೋಸ. ಕುರ್‌ಆನಿನ ಅತಿ ದೀರ್ಘ ವಚನ, ಅಲ್ ಬಖರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಬರೆದಿಡುವುದು ನಮಗೆ ಸರಕಾರ ಕಲಿಸಬೇಕಾದ ವಿಷಯ ಅಲ್ಲ.

ಹಾಗಂತ ತಪ್ಪೆಲ್ಲ ವ್ಯಾಪಾರಿಯದೇ ಅಲ್ಲ. ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ವಹಿವಾಟಿನ ಶೇ. 10 ಅಥವಾ 5 ಲಕ್ಷ, ಯಾವುದು ಹೆಚ್ಚೋ ಅಷ್ಟರವರೆಗೆ ಸೇವೆ ಕೊಡಲು ಕಾನೂನೇ ಅವಕಾಶ ಕೊಟ್ಟಿದೆ. ಅದೇ ಸೌಲಭ್ಯ 40 ಲಕ್ಷದ ಮಿತಿಯೊಳಗಿನ ಸಣ್ಣ ಅಂಗಡಿಗೆ ಯಾಕಿಲ್ಲ? 2025ರ ಸೆಪ್ಟೆಂಬರ್ 22ರಿಂದ ಆನ್‌ಲೈನ್ ಕಂಪೆನಿಗಳ ಮೂಲಕ ನೋಂದಣಿ ಇಲ್ಲದವರು ಕೊಡುವ ಸ್ಥಳೀಯ ಡೆಲಿವರಿ ಸೇವೆಯ ಜಿಎಸ್‌ಟಿಯನ್ನು ಕಂಪೆನಿಯೇ ಕಟ್ಟಬೇಕು ಎಂದಾಗಿದೆ. ಬೈಕಿನ ಹುಡುಗನ ಭಾರ ಇಳಿಸಿದ ಜಿಎಸ್‌ಟಿ ಮಂಡಳಿಗೆ, ಅದೇ ಪಾರ್ಸೆಲನ್ನು ಹಳ್ಳಿಯವನ ಕೈಗೆ ಮುಟ್ಟಿಸುವ ಅಂಗಡಿಯವನೂ ಕಾಣಬೇಕು. ನಮ್ಮ ವ್ಯಾಪಾರಿ ಸಂಘಗಳು, ಜಮಾಅತ್‌ಗಳ ಮುಖಂಡರು ಈ ಬೇಡಿಕೆಯನ್ನು ಎರಡೂ ರಾಜ್ಯಗಳ ಹಣಕಾಸು ಸಚಿವರ ಮುಂದೆ ಇಡಲಿ.

ಅಲ್ಲಿಯವರೆಗೆ ನಮ್ಮನ್ನು ಕಾಪಾಡುವುದು ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಇಟ್ಟ ಐವತ್ತು ರೂಪಾಯಿಯ ಒಂದು ರಿಜಿಸ್ಟರ್. ಇವತ್ತಿನ ಮೊದಲ ಆರ್ಡರಿನಿಂದಲೇ ಬರೆಯಲು ಶುರುಮಾಡಿ.