ಕ್ಷೇಮ ಸಮಾಚಾರ

ನಮ್ಮ ಕಾಗದಗಳಿಗೆಲ್ಲ ಒಂದೇ ನಾಂದಿ: 'ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು.' ಓದುವವರು ಆ ಸಾಲನ್ನು ದಾಟಿ ವಿಷಯಕ್ಕೆ ಹೋಗುತ್ತಾರೆ. ಸಿಪಾಯಿಯ ತಾಯಿ ಮಾತ್ರ ಅಲ್ಲಿಯೇ ನಿಲ್ಲುತ್ತಾಳೆ. ಆಕೆಗೆ ಅದೇ ವಿಷಯ.

1987ರ ಜುಲೈ 29ರಂದು ಕೊಲಂಬೋದಲ್ಲಿ ಒಪ್ಪಂದವಾಗಿ, ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಶ್ರೀಲಂಕೆಗೆ ನಮ್ಮ ಶಾಂತಿಪಾಲನಾ ಪಡೆ ತೆರಳಿತು. ಶಾಂತಿ ಕಾಯಲು ಹೋದವರು ಅಕ್ಟೋಬರಿನಲ್ಲಿ ತಾವೇ ಹೋರಾಡಬೇಕಾಯಿತು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹೊರಟಿತು. ಸಾವಿರಕ್ಕೂ ಹೆಚ್ಚು ಯೋಧರು ಮರಳಲೇ ಇಲ್ಲ.

ಸೈನಿಕನ ವಿಳಾಸದಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಡೆ ಮತ್ತು ಸೇನಾ ಅಂಚೆಯ ಎ.ಪಿ.ಓ. ಗುರುತು ಇರುತ್ತವೆ, ಊರಿನ ಹೆಸರಿರದು. ಮಗನು ಹಿಮದಲ್ಲಿರುವನೋ ಕಡಲಾಚೆ ಇರುವನೋ, ವಿಳಾಸ ಹೇಳದು. ಮೇಲಾಗಿ, ಬರೆದ ದಿನ ಕ್ಷೇಮವಾಗಿದ್ದವನು ಕಾಗದ ತಲುಪಿದ ದಿನ ಹೇಗಿರುವನೋ!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಒಣನೆಲದಿಂದ ಸೈನ್ಯ ಸೇರಿದ ತರುಣನು ಬಿಡಾರದಲ್ಲಿ ಕುಳಿತು ಏನು ಬರೆದಾನು? ಮಳೆ ಬಂದಿತೆ, ಕಡಲೆಕಾಯಿ ಬಿತ್ತನೆ ಮುಗಿಯಿತೆ, ತಂಗಿಗೆ ವರ ಗೊತ್ತಾಯಿತೆ? ಇಲ್ಲಿ ಊಟಕ್ಕೆ ತೊಂದರೆಯಿಲ್ಲ, ಆದರೆ ಮುದ್ದೆ ಸಿಗದು. ರಾತ್ರಿಯ ಪಹರೆ, ಪಕ್ಕದಲ್ಲಿ ಬಿದ್ದ ಗೆಳೆಯ, ಇವಕ್ಕೆ ಇನ್‌ಲ್ಯಾಂಡ್ ಲೆಟರಿನಲ್ಲಿ ಜಾಗವಿರದು. ಮನೆಯವರೇನು ಕಡಿಮೆಯೆ? ಬಾವಿ ಬತ್ತಿದ್ದನ್ನೂ ಅಪ್ಪನ ಕೆಮ್ಮನ್ನೂ ಬರೆಯಿಸರು. ಎರಡು ಕಡೆಯೂ ಮುಚ್ಚಿಟ್ಟದ್ದೇ ಪ್ರೀತಿ.

ಈಗ ಕೈಯಲ್ಲಿ ದೂರವಾಣಿ ಇದೆ. ಮಾತು ಕೇಳುತ್ತದೆ, ಉಳಿಯುವುದಿಲ್ಲ. ವಾಚಕರೇ, ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥ ನೀಲಿ ಕಾಗದಗಳಿದ್ದರೆ, ಸುಣ್ಣಬಣ್ಣದ ಸಡಗರದಲ್ಲಿ ಎಸೆಯದಿರಿ. ಯುದ್ಧದ ತಾರೀಖುಗಳು ಪುಸ್ತಕಗಳಲ್ಲಿ ಸಿಗುತ್ತವೆ. ಗುಂಡಿನ ಸದ್ದಿನ ನಡುವೆ ಊರಿನ ಮಳೆಯನ್ನು ವಿಚಾರಿಸಿದವನು ಆ ಕಾಗದಗಳಲ್ಲಿ ಮಾತ್ರ ಇದ್ದಾನೆ.