ಕಂತೋ, ಕಂತೆಯೋ?

ಕಥೆಯನ್ನು ಒಂದೇ ಉಸುರಿಗೆ ಕೇಳಿ ಮುಗಿಸುವುದು ಲೇಸೋ, ದಿನವಿಟ್ಟು ತುಸು ತುಸುವಾಗಿ ಕೇಳುವುದು ಲೇಸೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾದುದೆಂದು ತೋರಬಹುದು. ಆದರೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಎಷ್ಟೋ ಮನೆಗಳಲ್ಲಿ ಪ್ರತಿರಾತ್ರಿಯೂ ಈ ಪ್ರಶ್ನೆ ಯಾರ ಅಪ್ಪಣೆಗೂ ಕಾಯದೆ ತಾನಾಗಿಯೇ ತೀರ್ಮಾನವಾಗುತ್ತಿದೆ. ಅಂಗೈಯಗಲದ ಮೊಬೈಲಿನಲ್ಲಿ ಒಂದು ಧಾರಾವಾಹಿಯ ಎಂಟು ಹತ್ತು ಕಂತುಗಳು ಒಂದೇ ಕಂತೆಯಾಗಿ ಬಂದು ಬೀಳುತ್ತವೆ. ಒಂದು ಮುಗಿಯುತ್ತಲೇ ಇನ್ನೊಂದು ತೊಡಗುತ್ತದೆ. ನಿಲ್ಲಿಸಬೇಕಾದರೆ ನೋಡುವಾತನು ಮನಸ್ಸು ಗಟ್ಟಿಮಾಡಬೇಕು; ಮುಂದುವರಿಯಲು ಸುಮ್ಮನೆ ಕುಳಿತಿದ್ದರೆ ಸಾಕು. ಬೆಳಗಿನ ಮೊದಲ ತರಗತಿಯಲ್ಲಿ ಕೆಂಪೇರಿದ ಕಣ್ಣುಗಳನ್ನು ಕಾಣುವ ಅಧ್ಯಾಪಕರಿಗೆಲ್ಲ ಈ ಸಂಗತಿ ಗೊತ್ತು.

ಈ ಪದ್ಧತಿಗೆ ಹೆಚ್ಚು ವಯಸ್ಸಾಗಿಲ್ಲ. 2013ರ ಫೆಬ್ರವರಿ 1ರಂದು ಅಮೆರಿಕೆಯ ನೆಟ್‌ಫ್ಲಿಕ್ಸ್ ಸಂಸ್ಥೆಯು ‘ಹೌಸ್ ಆಫ್ ಕಾರ್ಡ್ಸ್’ ಎಂಬ ಧಾರಾವಾಹಿಯ 13 ಕಂತುಗಳನ್ನು ಒಂದೇ ದಿನ ಬಿಡುಗಡೆ ಮಾಡಿತು. ವಾರಕ್ಕೊಂದರಂತೆ ಮೂರು ತಿಂಗಳು ನಡೆಯಬಹುದಾಗಿದ್ದ ಕಥೆಯನ್ನು ಎರಡು ದಿನಗಳಲ್ಲಿ ಮುಗಿಸುವುದು ಸಾಧ್ಯವಾಯಿತು. ಇಂಥ ನೋಟಕ್ಕೆ ಇಂಗ್ಲಿಷಿನವರು ‘ಬಿಂಜ್’ ಎಂಬ ಮಾತನ್ನು ಸೇರಿಸಿದರು. 2015ರಲ್ಲಿ ಕಾಲಿನ್ಸ್ ನಿಘಂಟಿನವರು ಅದನ್ನೇ ಆ ವರ್ಷದ ಶಬ್ದವೆಂದು ಆರಿಸಿದರು. ಮಿತಿ ತಪ್ಪಿ ಕುಡಿಯುವುದಕ್ಕೂ ತಿನ್ನುವುದಕ್ಕೂ ಮೊದಲಿನಿಂದ ಬಳಕೆಯಲ್ಲಿದ್ದ ಶಬ್ದವದು. ಹೆಸರಿಟ್ಟವರು ಅದರ ಗುಣವನ್ನೂ ಅರಿತಿದ್ದರೆಂದೇ ಹೇಳಬೇಕು. 2016ರಲ್ಲಿ ಆ ಸಂಸ್ಥೆ ಭಾರತಕ್ಕೆ ಬಂದಿತು. ಅದೇ ವರ್ಷದಿಂದ ಮೊಬೈಲಿನ ಡೇಟಾ ಅಗ್ಗವಾಗತೊಡಗಿ, ದೊಡ್ಡ ನಗರಗಳ ಚಟವು ಸಣ್ಣ ಊರುಗಳಿಗೂ ತಲುಪಿತು.

ನಮ್ಮ ಸೀಮೆಗೆ ದೂರದರ್ಶನ ಹೊಸದಲ್ಲವೆಂಬುದನ್ನು ತರುಣ ವಾಚಕರು ಅರಿತಿರಲಾರರು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು 1981ರಲ್ಲಿ. ಅದಕ್ಕಿಂತ ನಾಲ್ಕು ವರ್ಷ ಮೊದಲೇ, 1977ರಲ್ಲಿ, ಆಗಿನ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರ ಪ್ರಾರಂಭವಾಗಿತ್ತು. ಅದಕ್ಕೂ ಹಿಂದೆ, 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಕಾರ್ಯಕ್ರಮಗಳನ್ನು ಕಳುಹಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕಾಗಿ ಆಯ್ದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ. ಊರಿಗೊಂದೇ ಪೆಟ್ಟಿಗೆ, ಸಂಜೆಯ ಹೊತ್ತು ಅದರ ಮುಂದೆ ನೆರೆದ ಜನ. ಕಾರ್ಯಕ್ರಮ ಮುಗಿದರೆ ಊರಿಗೆಲ್ಲ ಒಮ್ಮೆಗೇ ಮುಗಿಯಿತು. ಅಲ್ಲಿಂದ ಮನೆಗೆ ನಡೆದುಹೋಗುವ ದಾರಿಯಲ್ಲಿ ನೋಡಿದ್ದರ ಮಾತು ಮೊದಲಾಗುತ್ತಿತ್ತು.

ಇದೇ ಮಾತು 1987ರ ಜನವರಿ 25ರಂದು ತೊಡಗಿದ ರಾಮಾನಂದ ಸಾಗರರ ‘ರಾಮಾಯಣ’ಕ್ಕೂ ಸಲ್ಲುತ್ತದೆ. ರವಿವಾರ ಬೆಳಿಗ್ಗೆ ಒಂದು ಕಂತು. ಬಳಿಕ ಆರು ದಿನ ಬಿಡುವು. ಈ ಲೆಕ್ಕದಲ್ಲಿ ಕಥೆ ಮುಗಿಯಲು ಒಂದೂವರೆ ವರ್ಷ ಹಿಡಿಯಿತು. ಮುಂದೇನಾಗುವುದೆಂಬುದು ಎಲ್ಲರಿಗೂ ತಿಳಿದಿದ್ದ ಕಥೆಯದು. ಆದರೂ ಜನ ಕಾದರು. ರೊಟ್ಟಿ ಬಡಿಯುವ ಒಲೆಯ ಮುಂದೆ, ತೊಗರಿಯ ಹೊಲದಲ್ಲಿ, ಸಂತೆಯಲ್ಲಿ, ರೈಲಿನ ಡಬ್ಬಿಯಲ್ಲಿ ಕಳೆದ ವಾರದ ಪ್ರಸಂಗವನ್ನು ಕುರಿತು ವಾದಿಸಿದರು. ಕೈಕೇಯಿಯದು ತಪ್ಪೇ, ದಶರಥನದೇ? ಅಗ್ನಿಪರೀಕ್ಷೆ ನ್ಯಾಯವೇ? ಅಕ್ಷರವರಿಯದ ಹೆಣ್ಣುಮಗಳೂ ಪಂಡಿತನೂ ಒಂದೇ ಪ್ರಶ್ನೆಯನ್ನು ಎತ್ತಿಕೊಂಡು ಮಾತಾಡಬಹುದಾಗಿತ್ತು. ಏಕೆಂದರೆ ಇಬ್ಬರೂ ಕಥೆಯಲ್ಲಿ ಒಂದೇ ಕಡೆ ಬಂದು ನಿಂತಿದ್ದರು.

ನಮ್ಮ ಅಭಿಪ್ರಾಯದಲ್ಲಿ ಕಂತಿನ ನಿಜವಾದ ಹಿರಿಮೆ ಇಲ್ಲಿದೆ. ಬಿಡುವು ಏಳು ದಿನದ್ದೋ ಒಂದು ದಿನದ್ದೋ ಎಂಬುದು ಮುಖ್ಯವಲ್ಲ. ಎಲ್ಲರೂ ಒಂದೆಡೆ ನಿಲ್ಲುವುದು ಮುಖ್ಯ. 2020ರ ಮಾರ್ಚ್ 28ರಿಂದ ಲಾಕ್‌ಡೌನಿನ ದಿನಗಳಲ್ಲಿ ಅದೇ ರಾಮಾಯಣ ಮರುಪ್ರಸಾರವಾದಾಗ ಬೆಳಿಗ್ಗೆಯೂ ರಾತ್ರಿಯೂ ಬರುತ್ತ ಒಂದು ತಿಂಗಳೊಳಗೆ ಮುಗಿದುಹೋಯಿತು. ಆದರೂ ಹೊತ್ತು ಗೊತ್ತಾಗಿದ್ದುದರಿಂದ ಮನೆಮಂದಿ ಕೂಡಿ ಕುಳಿತು ನೋಡಲು ಸಾಧ್ಯವಿತ್ತು. ಮುಚ್ಚಿದ ಬಾಗಿಲುಗಳೊಳಗೂ ಮಾತಿಗೆ ಒಂದು ವಿಷಯ ದೊರೆಯಿತು. ಕಂತೆಯಾಗಿ ಬಂದ ಧಾರಾವಾಹಿಯ ಸ್ಥಿತಿ ಬೇರೆ. ವಿದ್ಯಾರ್ಥಿನಿಲಯದ ಒಂದೇ ಕೋಣೆಯಲ್ಲಿರುವ ನಾಲ್ವರಲ್ಲಿ ಒಬ್ಬ ಮೂರನೆಯ ಕಂತಿನಲ್ಲಿದ್ದಾನೆ, ಇನ್ನೊಬ್ಬ ಏಳನೆಯದರಲ್ಲಿ, ಮತ್ತೊಬ್ಬ ರಾತ್ರಿಯೇ ಮುಗಿಸಿದ್ದಾನೆ. ಮುಗಿಸಿದವನು ಬಾಯಿ ತೆರೆದರೆ ಉಳಿದವರು ಕಿವಿ ಮುಚ್ಚಿಕೊಂಡು, ಮುಂದಿನದನ್ನು ಹೇಳಬೇಡವೆಂದು ಕೂಗುತ್ತಾರೆ. ಎಲ್ಲರೂ ಮುಗಿಸುವ ಹೊತ್ತಿಗೆ ಮಾತಾಡುವ ಬಯಕೆ ಆರಿರುತ್ತದೆ. ಹೊಸ ಕಂತೆಯೊಂದು ಬಂದಿರುತ್ತದೆ. ಮಾತಿಗೆ ಕಾರಣವಾಗಬೇಕಾದ ಕಥೆಯೇ ಇಲ್ಲಿ ಮಾತಿಗೆ ತಡೆಯಾಗಿದೆ.

ಕಥೆ ಹೇಳುವವರು ನಿಲ್ಲಿಸುವ ಕಲೆಯನ್ನು ಹಿಂದಿನಿಂದಲೂ ಬಲ್ಲರು. ಶ್ರಾವಣ ಮಾಸದಲ್ಲಿ ನಮ್ಮ ಹಳ್ಳಿಗಳ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಅರ್ಥ ಹೇಳಲು, ಗವಾಯಿಗಳು ಹಾಡಲು, ತಬಲಾ ಜೊತೆಗೂಡಲು, ರಾತ್ರಿಗೊಂದಿಷ್ಟು ಕಥೆ ನಡೆದು ಮಂಗಲದ ದಿನ ಮುಗಿಯುತ್ತದೆ. ಶರಣರ ಚರಿತ್ರೆಯನ್ನು ಇಡೀ ಊರು ಒಂದು ತಿಂಗಳು ಮನಸ್ಸಿನಲ್ಲಿ ಹೊತ್ತು ನಡೆಯುತ್ತದೆ. ಅರಬ್ಬೀ ಕಥೆಗಳ ಶಹರಜಾದೆ ಬೆಳಗಾಗುತ್ತಲೇ ಕಥೆಯನ್ನು ನಿಲ್ಲಿಸಿದ್ದರಿಂದಲೇ ಅವಳ ಪ್ರಾಣ ಉಳಿಯಿತು. ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ 1836-37ರಲ್ಲಿ ಮಾಸಿಕ ಕಂತುಗಳಾಗಿಯೇ ಓದುಗರನ್ನು ಮುಟ್ಟಿತು. ಕನ್ನಡದಲ್ಲಿಯೂ ‘ಪ್ರಜಾಮತ’, 1965ರಲ್ಲಿ ಹುಟ್ಟಿದ ‘ಸುಧಾ’, 1983ರಲ್ಲಿ ಬಂದ ‘ತರಂಗ’ ಮುಂತಾದ ವಾರಪತ್ರಿಕೆಗಳು ಧಾರಾವಾಹಿ ಕಾದಂಬರಿಗಳ ಮೂಲಕ ಸಹಸ್ರಾರು ಓದುಗರನ್ನು ಬೆಳೆಸಿದವು. ಒಂದೇ ಪ್ರತಿ ನಾಲ್ಕು ಮನೆ ತಿರುಗುತ್ತಿತ್ತು. ಕಾದಂಬರಿಯ ಹಾಳೆಗಳನ್ನು ವಾರವಾರವೂ ಕತ್ತರಿಸಿಟ್ಟು, ಮುಗಿದ ಮೇಲೆ ದಾರ ಹಾಕಿ ಹೊಲಿದು ಪುಸ್ತಕ ಮಾಡಿಟ್ಟುಕೊಂಡ ಗೃಹಿಣಿಯರು ಎಷ್ಟೋ ಮಂದಿ. ಅದೂ ಕಂತೆಯೇ, ಆದರೆ ಕಾದು ಕೂಡಿಸಿದ ಕಂತೆ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದೆಲ್ಲ ಹೊನ್ನೆಂದು ನಾವು ಭಾವಿಸುವುದಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವಾತನಿಗೆ, ಜಂಕ್ಷನ್ನಿನಲ್ಲಿ ಹಗಲಿರುಳೆನ್ನದೆ ಗಾಡಿಗಳನ್ನು ಸಾಗಿಸುವ ರೈಲ್ವೆ ನೌಕರನಿಗೆ, ರವಿವಾರ ಬೆಳಗಿನ ಒಂಬತ್ತೂವರೆಯೆಂಬುದು ತನ್ನ ಕೈಯಲ್ಲಿದ್ದ ಹೊತ್ತೇ ಆಗಿರಲಿಲ್ಲ. ಅಂದಿನ ಕಂತು ತಪ್ಪಿದರೆ ತಪ್ಪಿದ್ದೇ. ಮನೆಯ ಕೆಲಸ ಮುಗಿದು ಎಲ್ಲರೂ ಮಲಗಿದ ಮೇಲೆಯೇ ತನ್ನದೆನ್ನುವ ಒಂದು ಗಳಿಗೆ ದೊರೆಯುವ ಹೆಂಗಸಿಗೂ ಹೀಗೆಯೇ. ಬೇಕಾದಾಗ ನೋಡುವ ಸ್ವಾತಂತ್ರ್ಯವನ್ನು ಇವರಿಗೆ ಕೊಟ್ಟದ್ದು ಹೊಸ ಪದ್ಧತಿಯೇ. ಅದನ್ನು ಕಸಿದುಕೊಳ್ಳಿರೆಂದು ಯಾರೂ ಹೇಳಲಾಗದು. ಇನ್ನು ಬಿಡುವಿಟ್ಟು ಬರುವುದೆಲ್ಲ ಉತ್ತಮವೆಂಬ ನಿಯಮವೂ ಇಲ್ಲ. ವಾಹಿನಿಗಳ ದೈನಿಕ ಧಾರಾವಾಹಿಗಳು ಒಂದು ಮದುವೆಯನ್ನು ತಿಂಗಳುಗಟ್ಟಲೆ ಎಳೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಸತ್ತ್ವವಿಲ್ಲದ ಕಥೆಗೆ ಕಾಯಿಸುವುದು ನೋಡುವವರಿಗೆ ಮಾಡುವ ವಂಚನೆ.

ಆದರೂ ಮನಸ್ಸಿನ ಧರ್ಮವೊಂದಿದೆ. 2017ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಧಾರಾವಾಹಿಯನ್ನು ಕೆಲವರಿಗೆ ಒಮ್ಮೆಗೇ, ಕೆಲವರಿಗೆ ದಿನಕ್ಕೊಂದರಂತೆ, ಕೆಲವರಿಗೆ ವಾರಕ್ಕೊಂದರಂತೆ ತೋರಿಸಿ ಪರೀಕ್ಷಿಸಿದರು. ಒಮ್ಮೆಗೇ ನೋಡಿದವರಿಗೆ ಮರುದಿನ ಎಲ್ಲವೂ ಚೆನ್ನಾಗಿ ನೆನಪಿತ್ತು. ಆದರೆ ದಿನ ಕಳೆದಂತೆ ಅವರ ನೆನಪೇ ಬೇಗನೆ ಮಾಸಿತು. ಧಾರಾವಾಹಿಯಿಂದ ಪಡೆದ ಸಂತೋಷವೂ ಅವರಿಗೇ ಕಡಿಮೆಯಾಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಓದುವ ವಿದ್ಯಾರ್ಥಿಗೂ ಇದೇ ಗತಿಯಲ್ಲವೇ? ನಾಲ್ಕುನೂರು ಪುಟದ ಕಾದಂಬರಿಯನ್ನು ಹಿಡಿದು ಹದಿನೈದು ದಿನ ಅದರೊಡನೆ ಬಾಳುವ ತಾಳ್ಮೆ ತರಗತಿಗಳಲ್ಲಿ ಕ್ಷೀಣಿಸುತ್ತಿದೆ. ಇದಕ್ಕೆ ಮೊಬೈಲೊಂದೇ ಕಾರಣವೆನ್ನಲಾಗದು. ಆದರೆ ನಡುವೆ ನಿಂತು, ಮುಂದೇನಾದೀತೆಂದು ತಾನೇ ಊಹಿಸಿ, ಮರುದಿನ ತನ್ನ ಊಹೆಯನ್ನು ಕಥೆಯೊಡನೆ ಹೋಲಿಸಿ ನೋಡುವ ಅಭ್ಯಾಸವೇ ಓದಿನ ಅಭ್ಯಾಸ. ಆ ಎಡೆಯನ್ನು ಕಳೆದುಕೊಂಡವನು ಕಥೆಯನ್ನು ನುಂಗುತ್ತಾನೆಯೇ ಹೊರತು ಅರಗಿಸಿಕೊಳ್ಳುವುದಿಲ್ಲ.

ಈ ಎಡೆಯನ್ನು ವ್ಯಾಪಾರಿಗಳು ಕರುಣಿಸುವರೆಂದು ಕಾಯುವುದು ವ್ಯರ್ಥ. ತಮ್ಮ ಸ್ಪರ್ಧೆ ಜನರ ನಿದ್ರೆಯೊಡನೆ ಎಂದು 2017ರಲ್ಲಿ ನೆಟ್‌ಫ್ಲಿಕ್ಸಿನ ಮುಖ್ಯಸ್ಥರೇ ನುಡಿದಿದ್ದರು. 2019ರಲ್ಲಿ ಡಿಸ್ನಿಯವರು ತಮ್ಮ ಹೊಸ ಧಾರಾವಾಹಿಯನ್ನು ವಾರದ ಕಂತುಗಳಾಗಿ ಬಿಟ್ಟರು. 2022ರಲ್ಲಿ ನೆಟ್‌ಫ್ಲಿಕ್ಸ್ ಕೂಡ ‘ಸ್ಟ್ರೇಂಜರ್ ಥಿಂಗ್ಸ್’ನ ನಾಲ್ಕನೆಯ ಭಾಗವನ್ನು ಎರಡಾಗಿ ಒಡೆದು ಮೇ ಮತ್ತು ಜುಲೈ ತಿಂಗಳುಗಳಲ್ಲಿ ನೀಡಿತು. ಚಂದಾದಾರರು ಒಂದು ತಿಂಗಳಲ್ಲಿ ನೋಡಿ ಮುಗಿಸಿ ಬಿಟ್ಟುಹೋಗದಿರಲೆಂಬ ಲೆಕ್ಕ ಇಂಥ ಏರ್ಪಾಡಿನಲ್ಲಿ ಇದ್ದೇ ಇರುತ್ತದೆ. ಲಾಭವಿದ್ದಾಗ ಕಂತು, ಲಾಭವಿದ್ದಾಗ ಕಂತೆ. ಆದ್ದರಿಂದ ನಿಲ್ಲುವ ತಾಣವನ್ನು ನಾವೇ ಗೊತ್ತುಮಾಡಿಕೊಳ್ಳಬೇಕು.

ಅದೇನೂ ಅಸಾಧ್ಯವಲ್ಲ. ಒಂದು ಮನೆಯವರು ರಾತ್ರಿಗೆ ಒಂದೇ ಕಂತು, ಅದೂ ಎಲ್ಲರೂ ಕೂಡಿ ಎಂದು ಒಪ್ಪಂದ ಮಾಡಿಕೊಳ್ಳಬಹುದು. ಪಾಳಿಯ ಮೇಲೆ ಹೋದವನು ಮರಳುವವರೆಗೆ ಉಳಿದವರು ಮುಂದಿನದನ್ನು ನೋಡದೆ ಕಾಯಬಹುದು. ತಾನು ಬೇಕಾದಾಗ ನೋಡುವ ಸ್ವಾತಂತ್ರ್ಯವಿದ್ದಂತೆ, ಇನ್ನೊಬ್ಬರಿಗಾಗಿ ಕಾಯುವ ಸ್ವಾತಂತ್ರ್ಯವೂ ಹೊಸ ಯಂತ್ರದಲ್ಲಿದೆ. ಅದನ್ನು ಬಳಸುವವರು ಬೇಕು. ವಿದ್ಯಾರ್ಥಿನಿಲಯಗಳ ಹುಡುಗರೂ ಹುಡುಗಿಯರೂ ಇದನ್ನೇ ಮಾಡಬಹುದು.

ಅಧ್ಯಾಪಕ ಮಿತ್ರರಲ್ಲಿಯೂ ಒಂದು ವಿನಂತಿಯಿದೆ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳ ಕಾಲೇಜುಗಳಲ್ಲಿ ಶನಿವಾರಕ್ಕೊಂದು ಗಂಟೆ ಬಿಡುವು ಮಾಡಿಕೊಂಡು, ಒಂದೇ ಕಾದಂಬರಿಯ ಒಂದೊಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವ ಕೂಟವನ್ನೇಕೆ ಏರ್ಪಡಿಸಬಾರದು? ಪಠ್ಯದಲ್ಲಿಲ್ಲದ ಕಾದಂಬರಿಯಾದರೆ ಇನ್ನೂ ಒಳ್ಳೆಯದು. ಅಂಕದ ಆಸೆ ತೋರಿಸಬೇಕಿಲ್ಲ. ಕುತೂಹಲ ಕೆರಳಿದ ಎಡೆಯಲ್ಲಿ ಪುಸ್ತಕ ಮುಚ್ಚಿ, ಮುಂದಿನ ಶನಿವಾರ ಬನ್ನಿರೆಂದು ಕಳುಹಿಸಿದರಾಯಿತು. ಮೊದಲ ವಾರ ಹತ್ತು ಮಂದಿ ಬಂದಾರು. ಎರಡನೆಯ ವಾರ ಅವರಲ್ಲಿ ನಾಲ್ವರಾದರೂ ಕಾದಂಬರಿಯ ನಾಯಕಿ ಮಾಡಿದ್ದು ಸರಿಯೋ ತಪ್ಪೋ ಎಂದು ಬಸ್ ನಿಲ್ದಾಣದಲ್ಲಿ ನಿಂತು ವಾದಿಸುತ್ತಿದ್ದರೆ, ಆ ಒಂದು ಗಂಟೆ ಸಾರ್ಥಕವಾಯಿತೆಂದೇ ತಿಳಿಯಬೇಕು. ಈ ಶ್ರಾವಣಕ್ಕೆ ಮೊದಲೇ ಎಲ್ಲಿಯಾದರೂ ಒಂದು ಕಾಲೇಜಿನಲ್ಲಿ ಇದು ಪ್ರಾರಂಭವಾಗಲಿ ಎಂದು ಹಾರೈಸುತ್ತೇವೆ.